ಮ್ಯೂಸಿಯಂನಲ್ಲಿ ಮಾಯಾ ಶಿಲ್ಪದ ಫೋಟೊ ತೆಗೆದರೆ ಚಪಾತಿ ಥರ ಬರುತ್ತಿದೆ, ಏನು ಮಾಡಲಿ?

ಅರಸೀಕೆರೆ ಅನು
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಬಹಳ ದಿನ ಆಯಿತು. ಬರೆಯುತ್ತಿರುವುದು ಮೊದಲ ಸಲ.

ನಾನಿರುವುದು ಲಂಡನ್ ಪಕ್ಕ. ಊರಿಂದ ಯಾರೇ ಬಂದರೂ ಬ್ರಿಟಿಷ್ ಮ್ಯೂಸಿಯಂ ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಅವರು ಈಜಿಪ್ಟಿನ ಮಮ್ಮಿ ನೋಡಲು ಮೆಟ್ಟಿಲು ಹತ್ತುತ್ತಾರೆ. ನಾನು 27ನೇ ಕೋಣೆಗೆ ನುಗ್ಗುತ್ತೇನೆ. ಅಲ್ಲಿ ಯಾಶ್ಚಿಲಾನ್ ಎಂಬ ಪಟ್ಟಣದ ಲಿಂಟಲ್‌ಗಳಿವೆ, ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಹಳೆಯ ಮಾಯಾ ಜನರದು. ಹೌದು, ನಾವು ಮನೆ ಕಟ್ಟುವಾಗ ಬಾಗಿಲ ಮೇಲೆ ಹಾಕುತ್ತೇವಲ್ಲ, ಅದೇ ಲಿಂಟಲ್. ನಮ್ಮ ಮೇಸ್ತ್ರಿ ನಾಲ್ಕು ಕಂಬಿ ಕಟ್ಟಿ ಕಾಂಕ್ರೀಟ್ ಸುರಿದು ಕೈ ತೊಳೆದುಕೊಳ್ಳುವ ಜಾಗದಲ್ಲಿ ಅವರು ರಾಜ ರಾಣಿಯನ್ನು ಕೆತ್ತಿದ್ದಾರೆ.

24ನೇ ಲಿಂಟಲ್ ನೋಡಿದವರು ಮರೆಯುವುದಿಲ್ಲ. ರಾಜ ಉದ್ದನೆಯ ಪಂಜು ಹಿಡಿದು ನಿಂತಿದ್ದಾನೆ. ಎದುರಿಗೆ ರಾಣಿ ಕಬಾಲ್ ಶೋಕ್ ಮಂಡಿಯೂರಿ, ಮುಳ್ಳು ಕಟ್ಟಿದ ಹಗ್ಗವನ್ನು ತನ್ನ ನಾಲಿಗೆಯ ಮೂಲಕ ಎಳೆಯುತ್ತಿದ್ದಾಳೆ. ಹಗ್ಗ ಕೆಳಗಿನ ಬುಟ್ಟಿಗೆ ಇಳಿಯುತ್ತದೆ. ಆಕೆಯ ಬಟ್ಟೆಯ ನೇಯ್ಗೆ ಹೇಗಿದೆ ಅಂದರೆ, ಸೀರೆ ಅಂಗಡಿಯವರು ಕಂಡರೆ ಡಿಸೈನ್ ಬರೆದುಕೊಂಡು ಹೋಗಬೇಕು.

ಕಣ್ಣಿಗೆ ಇಷ್ಟೆಲ್ಲ ಕಾಣುತ್ತದೆ. ಫೋಟೊದಲ್ಲಿ ಮಾತ್ರ ಮಣ್ಣು ಬಣ್ಣದ ಚಪಾತಿ. ಆಳವೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ, 24-70 ಲೆನ್ಸ್ ಇದೆ. ಐದು ಸಲ ಹೋಗಿದ್ದೇನೆ, ಐದು ಸಲವೂ ಅದೇ ಕತೆ. ಎರಡು ಫೋಟೊ ಕೆಳಗೆ ಹಾಕಿದ್ದೇನೆ, ನಗಬೇಡಿ.

ನವೆಂಬರಿನಲ್ಲಿ ಮೆಕ್ಸಿಕೊ ಸಿಟಿಗೆ ಹೋಗುತ್ತಿದ್ದೇವೆ. 24, 25 ಲಂಡನ್ನಿನಲ್ಲಿವೆ, 26 ಅಲ್ಲಿಯ ಮಾನವಶಾಸ್ತ್ರ ಮ್ಯೂಸಿಯಂನಲ್ಲಿದೆ. ಮೂರೂ ಒಂದೇ ಕಟ್ಟಡದ ಮೂರು ಬಾಗಿಲಿನವು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನೋದು ನನ್ನ ಆಸೆ. ಅಷ್ಟರಲ್ಲಿ ಕಲಿಯಬೇಕು.

ಸ್ಟುಡಿಯೊ ಶಂಕ್ರಣ್ಣ
ಅನು ಅವರೇ, ಹಾಸನದಲ್ಲಿ 32 ವರ್ಷ ಸ್ಟುಡಿಯೊ ಇಟ್ಟಿದ್ದೆ. ಮದುವೆ, ನಾಮಕರಣವೇ ಜಾಸ್ತಿ. ಮಾಯಾ ಕಲ್ಲನ್ನು ಕಣ್ಣಾರೆ ಕಂಡಿಲ್ಲ. ಆದರೆ ನಿಮ್ಮ ಎರಡು ಫೋಟೊ ನೋಡಿದ ತಕ್ಷಣ ರೋಗ ಗೊತ್ತಾಯಿತು.

ಒಂದು ಕೆಲಸ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ. ಮೇಜಿನ ಮೇಲೆ ಒಂದು ನಾಣ್ಯ ಇಡಿ. ಫೋನಿನ ಟಾರ್ಚನ್ನು ನೇರ ಮೇಲಿಂದ ಬಿಡಿ. ಏನು ಕಾಣುತ್ತದೆ? ಹೊಳೆಯುವ ಬಿಲ್ಲೆ. ಈಗ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬಿಡಿ. ಅಕ್ಷರ ಎಲ್ಲ ಎದ್ದು ಕೂರುತ್ತವೆ. ಕಿಲುಬು ಹಿಡಿದ ನಾಣ್ಯ ಆದರೂ ಇಸವಿ ಓದಬಹುದು.

ನಿಮ್ಮ ಲಿಂಟಲ್ ಕೂಡ ಅಷ್ಟೆ. ಕೆತ್ತನೆ ಬಹಳ ಆಳ ಇಲ್ಲ ಅಂತ ಫೋಟೊದಲ್ಲೇ ಕಾಣುತ್ತದೆ. ಅದಕ್ಕೆ ಬೇಕಾಗಿರುವುದು ಓರೆ ಬೆಳಕು. ಹಳೇಬೀಡಿನ ಗೋಡೆಗೆ ಬಿಸಿಲು ಸವರಿಕೊಂಡು ಹೋಗುವ ಹೊತ್ತು ಅಂತ ಒಂದಿರುತ್ತದೆ, ಒಂದೊಂದು ಗೋಡೆಗೆ ಒಂದೊಂದು ಹೊತ್ತು. ಅದಕ್ಕಾಗಿ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಬುತ್ತಿ ಕಟ್ಟಿಕೊಂಡು ಕಾದಿದ್ದೇನೆ. ನೆರಳಿಲ್ಲದ ಶಿಲ್ಪ ಉಪ್ಪಿಲ್ಲದ ಸಾರು.

ಅರಸೀಕೆರೆ ಅನು
ನಾಣ್ಯ ಪ್ರಯೋಗ ಮಾಡಿದೆ ಸರ್! ಮಗಳು ಕೂಡ ಕೂತು ಅರ್ಧ ಗಂಟೆ ಆಟ ಆಡಿದಳು. ಆದರೆ ಮ್ಯೂಸಿಯಂನಲ್ಲಿ ದೀಪ ಅವರದು. ಬುತ್ತಿ ಕಟ್ಟಿಕೊಂಡು ಹೋದರೂ ಸೂರ್ಯ ಜರುಗುವುದಿಲ್ಲವಲ್ಲ.

ಸ್ಟುಡಿಯೊ ಶಂಕ್ರಣ್ಣ
ದೀಪ ಜರುಗದಿದ್ದರೆ ನೀವು ಜರುಗಿ. ಮೊದಲ ಐದು ನಿಮಿಷ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಕಲ್ಲಿನ ಮುಂದೆ ಆ ಕಡೆ ಈ ಕಡೆ ಓಡಾಡಿ. ಅಂಗೈ ಮುಂದೆ ಚಾಚಿ ಅದರ ನೆರಳು ಯಾವ ಕಡೆ ಬೀಳುತ್ತದೆ ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಕೈಯೇ ಹೇಳುತ್ತದೆ.

ಟೊರಾಂಟೊ ತಿಮ್ಮ
ಶಂಕ್ರಣ್ಣ, ಅಡ್ಡ ಬಾಯಿ ಹಾಕ್ತೀನಿ, ಕ್ಷಮೆ ಇರಲಿ. ಕಲ್ಲಿನ ಮೇಲಿನ ನೆರಳು ದೀಪದಿಂದ ಬಂದದ್ದು. ನಾವು ಎಷ್ಟು ಜರುಗಿದರೂ ಅದು ಅಲ್ಲೇ ಇರುತ್ತದೆ ಅಲ್ವಾ? ಮತ್ತೆ ಜರುಗಿ ಏನು ಉಪಯೋಗ?

ಸ್ಟುಡಿಯೊ ಶಂಕ್ರಣ್ಣ
ತಿಮ್ಮ, ಒಳ್ಳೆ ಪ್ರಶ್ನೆ. ನೆರಳು ಜರುಗುವುದಿಲ್ಲ, ನಿಜ. ಆದರೆ ನೆರಳಿನ ಎಷ್ಟು ಭಾಗ ನಿಮಗೆ ಕಾಣುತ್ತದೆ ಅನ್ನೋದು ಬದಲಾಗುತ್ತದೆ. ದಿಣ್ಣೆ ಇದೆ ಅನ್ನು. ಪೂರ್ವದಿಂದ ಬಿಸಿಲು. ನೀನೂ ಪೂರ್ವದಲ್ಲೇ ನಿಂತರೆ ಬೆಳಗಿದ ಮೈ ಮಾತ್ರ ಕಾಣುತ್ತದೆ, ನೆರಳು ದಿಣ್ಣೆಯ ಹಿಂದೆ ಅಡಗಿರುತ್ತದೆ. ಪಶ್ಚಿಮಕ್ಕೆ ಬಾ. ನೆರಳಿನ ಮೈ ನಿನ್ನ ಕಡೆಗೇ ತಿರುಗಿದೆ.

ಶಿಲ್ಪಕ್ಕೂ ಇದೇ. ದೀಪ ಎಡಗಡೆ ಇದ್ದರೆ ನೀವು ಸ್ವಲ್ಪ ಬಲಕ್ಕೆ. ದೀಪ ಮೇಲಿದ್ದರೆ ಸ್ವಲ್ಪ ಬಗ್ಗಿ ಕೆಳಗಿಂದ. ನೆಟ್ಟಗೆ ಎದುರು ನಿಂತು ಒಂದು ತೆಗೆಯಿರಿ, ಅದು ದಾಖಲೆಗೆ. ಓರೆಯಿಂದ ಒಂದು, ಅದು ಮನಸ್ಸಿಗೆ.

ಟೊರಾಂಟೊ ತಿಮ್ಮ
ಒಪ್ಪಿದೆ ಗುರುಗಳೇ. ದಿಣ್ಣೆ ಉದಾಹರಣೆ ಚೆನ್ನಾಗಿತ್ತು.

ನನ್ನ ಕಡೆಯಿಂದ ಗಾಜಿನ ವಿಷಯ. ಮೆಕ್ಸಿಕೊದಲ್ಲಿ ಲಿಂಟಲ್ ಒಂದೇ ಅಲ್ಲ, ಜೇಡ್ ಎಂಬ ಹಸಿರು ಕಲ್ಲಿನ ಮುಖವಾಡ, ಮಣ್ಣಿನ ಗೊಂಬೆ, ಹೂಜಿ ಎಲ್ಲ ಗಾಜಿನ ಒಳಗೆ. ಅಲ್ಲಿ ನಿಮ್ಮ ಶತ್ರು ನೀವೇ. ಬಿಳಿ ಅಂಗಿ ಹಾಕಿಕೊಂಡು ಹೋದರೆ ಪಕಾಲ್ ಎಂಬ ಮಾಯಾ ರಾಜನ ಮುಖವಾಡದ ಮೇಲೆ ನಿಮ್ಮ ಹೊಟ್ಟೆ ಬರುತ್ತದೆ. ನನಗೆ ಬಂದಿದೆ. ಕಪ್ಪು ಅಂಗಿ ಹಾಕಿ, ಹೊಳೆಯುವ ಸರ ಬೇಡ. ಲೆನ್ಸ್ ಮುಂದೆ ಮೆತ್ತನೆಯ ರಬ್ಬರ್ ಹುಡ್ ಹಾಕಿ, ಗಾಜಿಗೆ ತಾಗಿಯೂ ತಾಗದ ಹಾಗೆ ಹಿಡಿಯಿರಿ. ಒತ್ತಬೇಡಿ, ಅಲಾರಂ ಕಿರುಚಿದರೆ ಕಾವಲಿನವರು ಓಡಿ ಬರುತ್ತಾರೆ. ಫೋನಾದರೆ ಇನ್ನೂ ಸುಲಭ, ಲೆನ್ಸ್ ಚಿಕ್ಕದು, ಗಾಜಿನ ಹತ್ತಿರ ಸುಮ್ನೆ ಇಟ್ಟರೆ ಸಾಕು.

ಗಾಜಿನ ಪ್ರತಿಬಿಂಬ ತಗ್ಗಿಸುವ ಪೋಲರೈಸರ್ ಫಿಲ್ಟರ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕೆಲಸ ಮಾಡುವುದು ಗಾಜನ್ನು ಓರೆಯಾಗಿ, ಸುಮಾರು 55 ಡಿಗ್ರಿಯಲ್ಲಿ ನೋಡಿದಾಗ. ನೇರ ಎದುರಿಂದ ಏನೂ ಪ್ರಯೋಜನ ಇಲ್ಲ. ಮೇಲಾಗಿ ಒಂದೂವರೆ ಎರಡು ಸ್ಟಾಪ್, ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗಿಹಾಕುತ್ತದೆ. ಕತ್ತಲೆ ಕೋಣೆಯಲ್ಲಿ ಅದೊಂದು ದಂಡ. ಕಪ್ಪು ದುಪಟ್ಟಾ ಒಯ್ಯಿರಿ. ಎರಡೂ ಕೈಯಲ್ಲಿ ಹಿಂದೆ ಹಿಡಿಯಲು ಯಜಮಾನರನ್ನು ಒಯ್ಯಿರಿ.

ಅರಸೀಕೆರೆ ಅನು
ಯಜಮಾನರು ಇದನ್ನು ಓದಿ ನಕ್ಕರು. ಒಪ್ಪಿಕೊಂಡಿಲ್ಲ.

ಫ್ಲಾಶ್ ಯಾಕೆ ಬೇಡ ಅನ್ನುತ್ತಾರೆ? ಕಲ್ಲಿಗೆ ಏನಾಗುತ್ತದೆ?

ಸ್ಟುಡಿಯೊ ಶಂಕ್ರಣ್ಣ
ಕಲ್ಲಿನ ಮಾತು ಬಿಡಿ, ನಿಮ್ಮ ಫೋಟೊಗೆ ಏನಾಗುತ್ತದೆ ಅಂತ ಕೇಳಿ. ಕ್ಯಾಮೆರಾ ಮೇಲಿನ ಫ್ಲಾಶ್ ಅಂದರೆ ನಾಣ್ಯಕ್ಕೆ ನೇರ ಮೇಲಿಂದ ಟಾರ್ಚ್ ಬಿಟ್ಟ ಹಾಗೆ. ಇದ್ದ ನೆರಳೂ ಹೋಯಿತು.

ಪಡಿಯಚ್ಚು
ಮೈಸೂರಿನಿಂದ ನಮಸ್ಕಾರ. ನಾನು ಶಾಸನ ಓದುವವಳು. ಕನ್ನಡದ್ದು. ಮಾಯಾ ಲಿಪಿ ಬರೀ ಹುಚ್ಚು.

ಫ್ಲಾಶ್ ಬಗ್ಗೆ ಎರಡು ಮಾತು. ಬರೀ ಕಲ್ಲಿಗೆ ಅದರಿಂದ ದೊಡ್ಡ ಅಪಾಯ ಇಲ್ಲ ಅನ್ನುವವರು ಇದ್ದಾರೆ. ಆದರೆ ಈ ಕಲ್ಲುಗಳೆಲ್ಲ ಒಂದು ಕಾಲಕ್ಕೆ ಬಣ್ಣ ಬಳಿದುಕೊಂಡಿದ್ದವು. 24ರ ಮೇಲೆ ಕೆಂಪು, ನೀಲಿಯ ಚೂರು ಈಗಲೂ ಉಳಿದಿದೆ. ಆ ನೀಲಿ ಗಟ್ಟಿ ಪಿಂಡ. ನೀಲಿ ಗಿಡದ ಬಣ್ಣವನ್ನು ಪ್ಯಾಲಿಗಾರ್‌ಸ್ಕೈಟ್ ಎಂಬ ಜೇಡಿಮಣ್ಣಿನ ಜೊತೆ ಕಾಯಿಸಿ ಮಾಡಿದ್ದು, ಆಮ್ಲಕ್ಕೂ ಬಗ್ಗುವುದಿಲ್ಲ. ಬಟ್ಟೆ, ಕಾಗದ ಹಾಗಲ್ಲ. ಅವನ್ನು 50 ಲಕ್ಸ್ ಆಸುಪಾಸಿನ ಮಂದ ಬೆಳಕಿನಲ್ಲಿ ಇಡುತ್ತಾರೆ. ಯಾವುದು ಗಟ್ಟಿ ಯಾವುದು ಸೂಕ್ಷ್ಮ ಅಂತ ಬಂದವರೆಲ್ಲ ಲೆಕ್ಕ ಹಾಕುತ್ತಾ ಕೂರುತ್ತಾರಾ? ಅದಕ್ಕೇ ಎಲ್ಲದಕ್ಕೂ ಬೇಡ ಅಂತ ಒಂದೇ ನಿಯಮ.

ಇನ್ನೊಂದು, ಇದನ್ನು ಯೋಚಿಸಿ. ಲಿಂಟಲ್ಲಿನ ಕೆತ್ತನೆ ಇದ್ದದ್ದು ತಳಭಾಗದಲ್ಲಿ. ಬಾಗಿಲಲ್ಲಿ ನಿಂತು ಕತ್ತು ಎತ್ತಿದರೆ ತಲೆ ಮೇಲೆ ರಾಣಿ. ಹೊರಗಿನ ಬೆಳಕು ಒಂದು ಪಕ್ಕದಿಂದ ಕಲ್ಲನ್ನು ಸವರಿಕೊಂಡು ಒಳಗೆ ಹೋಗುತ್ತಿತ್ತು. ಅಂದರೆ ಶಂಕ್ರಣ್ಣನವರ ಓರೆ ಬೆಳಕು ಕೆತ್ತಿದವನಿಗೆ ಮೊದಲೇ ಗೊತ್ತಿತ್ತು. ಮ್ಯೂಸಿಯಂನವರು ಅದನ್ನು ಚಿತ್ರಪಟದ ಥರ ಗೋಡೆಗೆ ನಿಲ್ಲಿಸಿ ದೀಪ ಬಿಟ್ಟಿದ್ದಾರೆ. ಚಪಾತಿ ಆಗಿದ್ದು ನಿಮ್ಮೊಬ್ಬರ ತಪ್ಪಲ್ಲ.

ಮಯಪುತ್ರ 108
ಇಷ್ಟೆಲ್ಲ ಚರ್ಚೆ ಮಾಡುವವರಿಗೆ ಮೂಲ ವಿಷಯವೇ ಗೊತ್ತಿಲ್ಲ. ಮಾಯಾ ಅಂದರೆ ನಮ್ಮ ಮಯ. ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯಾಸುರ. ಅವನ ವಂಶದವರೇ ಅಲ್ಲಿಗೆ ಹೋಗಿದ್ದು. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳ ಇದೆ. ಜೋಳ ಅಮೆರಿಕದ ಬೆಳೆ. ಇನ್ನೇನು ಸಾಕ್ಷಿ ಬೇಕು?

ಪಡಿಯಚ್ಚು
ಸ್ವಾಮಿ, ಹೆಸರು ಒಂದೇ ಥರ ಕೇಳಿಸಿದರೆ ನೆಂಟರಾಗುವುದಿಲ್ಲ. ಮಾಯಾ ಅನ್ನೋದು ಮೆಕ್ಸಿಕೊದ ಯುಕಾತಾನ್ ಕಡೆಯ ಹೆಸರು, ಮಾಯಾಪಾನ್ ಎಂಬ ಪಟ್ಟಣವೇ ಅಲ್ಲಿತ್ತು.

ಜೋಳದ ವಿಷಯ ಮಾತ್ರ ಸ್ವಾರಸ್ಯದ್ದು, ಈ ಚರ್ಚೆಗೂ ಸೇರುತ್ತದೆ. 1989ರಲ್ಲಿ ಕಾರ್ಲ್ ಜೋಹಾನೆಸೆನ್ ಮತ್ತು ಆನ್ ಪಾರ್ಕರ್ ಎಂಬಿಬ್ಬರು ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ ಅಂತ ಬರೆದರು. ಅಲ್ಲ, ಅದು ಮುಕ್ತಾಫಲ, ಮುತ್ತು ಜೋಡಿಸಿದ ಕಲ್ಪನೆಯ ಹಣ್ಣು ಅಂತ ಭಾರತದ ಸಸ್ಯ ವಿಜ್ಞಾನಿಗಳು ಉತ್ತರ ಕೊಟ್ಟರು. ನಾನು ಎರಡನೆಯವರ ಕಡೆ. ಫೋಟೊದಲ್ಲಿ ತೆನೆ ಥರ ಕಂಡದ್ದು, ಎದುರು ನಿಂತು ಆಭರಣದ ಜೊತೆ ಇಟ್ಟು ನೋಡಿದರೆ ಮುತ್ತಿನ ಸಾಲು.

ನಿರ್ವಾಹಕ
ಮಯ, ಜೋಳ ಎರಡಕ್ಕೂ ಬೇರೆ ಎಳೆ ತೆರೆಯಿರಿ. ಇಲ್ಲಿ ಫೋಟೊ ಮಾತ್ರ. ಮುಂದಿನ ಹನ್ನೊಂದು ಕಾಮೆಂಟ್ ಅಲ್ಲಿಗೆ ಸಾಗಿಸಿದ್ದೇನೆ.

ಊರೂರು ಅಲೆಮಾರಿ
ಕೆಲಸದ ಮೇಲೆ ಮಧ್ಯ ಅಮೆರಿಕದಲ್ಲಿ ಎರಡು ವರ್ಷ ಇದ್ದೆ. ಅನು ಅವರೇ, ಸಾಧ್ಯವಾದರೆ ಹೊಂಡುರಾಸಿನ ಕೊಪಾನ್ ಎಂಬ ಮಾಯಾ ಪಟ್ಟಣಕ್ಕೂ ಒಮ್ಮೆ ಹೋಗಿ. ಅಲ್ಲಿ 1996ರಲ್ಲಿ ತೆರೆದ ಶಿಲ್ಪ ಮ್ಯೂಸಿಯಂ ಇದೆ. ಸುರಂಗದಂಥ ದಾರಿಯಲ್ಲಿ ಒಳಗೆ ಹೋದರೆ ಎದುರಿಗೆ ರೋಸಲೀಲಾ ದೇಗುಲದ ಪೂರ್ಣ ಗಾತ್ರದ ನಕಲು. ಕೆಂಪು ಅಂದರೆ ಕೆಂಪು, ನಮ್ಮ ಗೋಪುರ ನೋಡಿದ ಹಾಗೆ. ಸುತ್ತ ಅಸಲಿ ಶಿಲ್ಪಗಳು. ಮಾಡಿನ ನಡುವೆ ತೆರಪು ಇದೆ, ಆಕಾಶದ ಬೆಳಕೇ ಕೆಳಗೆ ಇಳಿಯುತ್ತದೆ.

ಶಂಕ್ರಣ್ಣನವರ ಮಾತಿಗೆ ಒಂದು ಬಾಲ ಸೇರಿಸುತ್ತೇನೆ. ಓರೆ ಬೆಳಕು ಎಲ್ಲ ಕಡೆ ನಡೆಯುವುದಿಲ್ಲ. ಯಾಶ್ಚಿಲಾನ್ ಸುಣ್ಣಕಲ್ಲು, ತೆಳು ಕೆತ್ತನೆ. ಕೊಪಾನ್ ಕಲ್ಲು ಜ್ವಾಲಾಮುಖಿಯ ಬೂದಿಯಿಂದ ಆದದ್ದು, ಸ್ವಲ್ಪ ಹಸಿರು ಛಾಯೆ. ಅದರಲ್ಲಿ ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದರೆ ರಾಜ ಕಲ್ಲಿನಿಂದ ಹೊರಗೆ ಕಾಲಿಡುತ್ತಿದ್ದಾನೆ ಅನಿಸುತ್ತದೆ. ಅದಕ್ಕೆ ಗಟ್ಟಿ ಓರೆ ಬಿಸಿಲು ಬಿದ್ದರೆ ಕಣ್ಣಿನ ಜಾಗದಲ್ಲಿ ಕಪ್ಪು ಗುಂಡಿ. ನಾನು ಮೊದಲ ದಿನ ಚೆಂದದ ಬಿಸಿಲು ಅಂತ ಕುಣಿದೆ. ಒಂದೂ ಫೋಟೊ ಸರಿಯಾಗಲಿಲ್ಲ. ಮಾರನೇ ದಿನ ಮೋಡ. ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದಾಗ ನಾನು ಓಡಿದೆ. ಒಳ್ಳೊಳ್ಳೆ ಫೋಟೊ ಎಲ್ಲ ಆ ದಿನದ್ದೇ.

ಸ್ಟುಡಿಯೊ ಶಂಕ್ರಣ್ಣ
ಸರಿಯಾಗಿ ಹೇಳಿದಿರಿ. ಬೇಲೂರಿನ ಮದನಿಕೆಯರಿಗೂ ಹಾಗೆಯೇ, ಗಟ್ಟಿ ಬಿಸಿಲು ಬೇಡ. ನಾನು ಲಿಂಟಲ್ ಗುಂಗಿನಲ್ಲಿ ಮರೆತೆ.

ಫೋನೇ ಸಾಕು
ಸುಮ್ನೆ ಯಾಕೆ ಇಷ್ಟು ಕಷ್ಟ? ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಿಂದ ಹಕ್ಕುಸ್ವಾಮ್ಯ ಇಲ್ಲದ ವಸ್ತುಗಳ ಫೋಟೊವನ್ನು ಪುಕ್ಕಟೆ ಕೊಡುತ್ತಿದೆ. ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ದೊಡ್ಡ ದೀಪ, ದೊಡ್ಡ ಕ್ಯಾಮೆರಾ ಇಟ್ಟು ತೆಗೆದದ್ದು. ಇಳಿಸಿಕೊಳ್ಳಿ, ನೋಡಿ. ಮ್ಯೂಸಿಯಂಗೆ ಹೋದಾಗ ಕಣ್ಣು ಬಿಟ್ಟು ನೋಡಿ.

ಪಡಿಯಚ್ಚು
ನಿಮ್ಮ ಮಾತಿನಲ್ಲಿ ಅರ್ಧ ನಿಜ. ಮುಂಭಾಗದ ಫೋಟೊ ಅವರದು ನಮ್ಮದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಅಂಚು, ಬೆನ್ನು, ಮುರಿದ ಮೂಲೆ ಸಿಗುವುದು ಅಪರೂಪ. ನನಗೆ ಬೇಕಾಗುವುದು ಅದೇ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮಾಯಾ ಜನ ರಾಜರ ಹೆಸರಲ್ಲಿ ದೊಡ್ಡ ಕಲ್ಲು ನೆಡುತ್ತಿದ್ದರು. ಸ್ಟೀಲಾ ಅನ್ನುತ್ತಾರೆ, ನಮ್ಮ ವೀರಗಲ್ಲಿನ ಥರ ನೆಟ್ಟದ್ದು, ಆದರೆ ಆಳುತ್ತಿರುವ ರಾಜನದು. 1960ರ ದಶಕದಲ್ಲಿ ಕಳ್ಳರು ಗ್ವಾಟೆಮಾಲದ ಕಾಡಿಗೆ ಗರಗಸ ತೆಗೆದುಕೊಂಡು ಹೋದರು. ಇಡೀ ಕಲ್ಲು ಹೊರಲು ಆಗುವುದಿಲ್ಲವಲ್ಲ. ಕೆತ್ತನೆ ಇರುವ ಮುಖವನ್ನು ಮಾತ್ರ ಹಲಗೆ ಥರ ಕೊಯ್ದು, ತುಂಡು ಮಾಡಿ ಸಾಗಿಸಿದರು. ಗ್ವಾಟೆಮಾಲದ್ದೇ ಎಲ್ ಪೆರು ಎಂಬಲ್ಲಿಯ ಒಬ್ಬ ರಾಣಿಯ ಕಲ್ಲು ಇವತ್ತು ಅಮೆರಿಕದ ಕ್ಲೀವ್‌ಲೆಂಡ್ ಮ್ಯೂಸಿಯಂನಲ್ಲಿದೆ, 1967ರಲ್ಲಿ ಕೊಂಡದ್ದು. ಅಂಥ ಕಲ್ಲಿನ ಮುಂದೆ ನಿಂತಾಗ ಕೂಡಿಸಿದ ಗೆರೆಗಳನ್ನು ಹುಡುಕಿ. ಫೋಟೊದಲ್ಲಿ ಅವನ್ನು ಮರೆಮಾಚಬೇಡಿ, ಹತ್ತಿರದಿಂದ ತೆಗೆಯಿರಿ. ಆ ಗೆರೆಯೂ ಕಲ್ಲಿನ ಕತೆಯೇ.

ಇಯಾನ್ ಗ್ರಹಾಂ ಅಂತ ಒಬ್ಬರಿದ್ದರು. ಕಾಡು ಸುತ್ತಿ ಸುತ್ತಿ ಮಾಯಾ ಶಾಸನಗಳ ಫೋಟೊ ತೆಗೆದು, ಗೆರೆಚಿತ್ರ ಬರೆದು, ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಮೂಲಕ ಸಂಪುಟಗಳಾಗಿ ತಂದರು. ರಾತ್ರಿ ಹೊತ್ತು ದೀಪವನ್ನು ಪಕ್ಕಕ್ಕೆ ಹಿಡಿದು ಫೋಟೊ ತೆಗೆಯುವುದರಲ್ಲಿ ಎತ್ತಿದ ಕೈ. ಶಂಕ್ರಣ್ಣನವರ ನಾಣ್ಯವೇ, ಹತ್ತಡಿ ಎತ್ತರದ್ದು. ಮಚಕಿಲಾ ಎಂಬಲ್ಲಿಯ 2ನೇ ಸ್ಟೀಲಾವನ್ನು ಅವರು ಮೊದಲೇ ದಾಖಲಿಸಿದ್ದರು. ಮುಂದೆ ಅದೇ ಕಲ್ಲು ತುಂಡಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಇದು ಅಲ್ಲಿಂದ ಕದ್ದದ್ದೇ ಅಂತ ತೋರಿಸಲು ಅವರ ದಾಖಲೆ ಇತ್ತು. 1974ರಲ್ಲಿ ಅಮೆರಿಕದ ಮೇಲಿನ ಕೋರ್ಟೂ ವ್ಯಾಪಾರಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಲ್ಲು ಗ್ವಾಟೆಮಾಲಕ್ಕೆ ಮರಳಿತು.

ಆದ್ದರಿಂದ ಅನು, ಬೇಡಿಕೆ ಇಷ್ಟೆ. ಪ್ರತಿ ವಸ್ತುವಿನ ಮೊದಲ ಫೋಟೊ ಫಲಕದ್ದಿರಲಿ. ಆಮೇಲೆ ವಸ್ತು. ಅಂಚು ಬಿಡಬೇಡಿ. ಮಾಯಾ ಅಕ್ಷರದ ಚೌಕಗಳಿದ್ದರೆ ಒಂದೊಂದು ಚೌಕವೂ ತುಂಬಿ ಬರುವ ಹಾಗೆ ಹತ್ತಿರದಿಂದ ತೆಗೆಯಿರಿ, ಪಕ್ಕದ ಚೌಕ ಸ್ವಲ್ಪ ಸೇರಿರಲಿ. ಫಲಕ ಇಲ್ಲದ ಫೋಟೊ, ವಿಳಾಸ ಇಲ್ಲದ ಲಗ್ನಪತ್ರಿಕೆ.

ಟೊರಾಂಟೊ ತಿಮ್ಮ
ಮೇಡಂ, ನಿಮ್ಮ ಹೆಸರಿನ ಪಡಿಯಚ್ಚು ಅಲ್ಲೂ ತೆಗೆಯುತ್ತಿದ್ದರಾ?

ಪಡಿಯಚ್ಚು
ತೆಗೆಯುತ್ತಿದ್ದರು! ನಾವು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಶಾಯಿ ತಟ್ಟುತ್ತೇವೆ. ಅಕ್ಷರ ಬಿಳಿ, ಸುತ್ತ ಕಪ್ಪು. 1880ರ ದಶಕದಲ್ಲಿ ಆಲ್ಫ್ರೆಡ್ ಮೌಡ್ಸ್ಲಿ ಎಂಬಾತ ಮಾಯಾ ಊರುಗಳಿಗೆ ಹೋದಾಗ ಗಾಜಿನ ಪ್ಲೇಟಿನ ಕ್ಯಾಮೆರಾ ಒಯ್ದಿದ್ದ. ಜೊತೆಗೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಅಚ್ಚು ತೆಗೆಸಿದ, ಪ್ಲಾಸ್ಟರ್ ಅಚ್ಚನ್ನೂ ಎರಕ ಹಾಕಿಸಿದ. ಶಾಯಿ ಬಳಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅನು ನೋಡಲು ಹೋಗುವ 24ನೇ ಲಿಂಟಲ್ಲನ್ನು ಇಂಗ್ಲೆಂಡಿಗೆ ಸಾಗಿಸಿದ್ದೂ ಅವನೇ. ಫೋಟೊ ತೆಗೆದವನೇ ಕಲ್ಲನ್ನೂ ಒಯ್ದ. ಅವನನ್ನು ಹೊಗಳಬೇಕೋ ಬಯ್ಯಬೇಕೋ ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಅವನಿಗಿಂತ 40 ವರ್ಷ ಮುಂಚೆ ಕ್ಯಾದರ್‌ವುಡ್ ಎಂಬ ಚಿತ್ರಕಾರ ಯುಕಾತಾನ್‌ಗೆ ಆಗಿನ ಹೊಸ ಡಾಗೆರೋಟೈಪ್ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದ. ಫಲಿತಾಂಶ ಹಿಡಿಸಲಿಲ್ಲ. ಮತ್ತೆ ಪೆನ್ಸಿಲ್ ಹಿಡಿದ. ಮಾಯಾ ಕಲ್ಲಿನ ಮುಂದೆ ಸೋತ ಮೊದಲ ಫೋಟೊಗ್ರಾಫರ್ ನೀವಲ್ಲ ಅನು, ಸಮಾಧಾನ ಮಾಡಿಕೊಳ್ಳಿ.

ಫೋನೇ ಸಾಕು
ಹೂಜಿಗಳನ್ನು ಹೇಗೆ ತೆಗೆಯುತ್ತಾರೆ? ಸುತ್ತ ಚಿತ್ರ ಇರುತ್ತದೆ, ಒಂದು ಫೋಟೊಗೆ ಅರ್ಧವೂ ಸಿಗಲ್ಲ.

ಟೊರಾಂಟೊ ತಿಮ್ಮ
ಇದಕ್ಕೆ ಜಸ್ಟಿನ್ ಕೆರ್ ಎಂಬ ನ್ಯೂಯಾರ್ಕಿನ ಫೋಟೊಗ್ರಾಫರ್ 1970ರ ದಶಕದಲ್ಲಿ ಒಂದು ಕ್ಯಾಮೆರಾವನ್ನೇ ಕಟ್ಟಿದರು. ಹೂಜಿಯನ್ನು ತಿರುಗುವ ತಟ್ಟೆ ಮೇಲೆ ಇಡುವುದು. ಕ್ಯಾಮೆರಾ ಒಳಗೆ ಸಣ್ಣ ಸೀಳಿನ ಹಿಂದೆ ಫಿಲ್ಮ್ ಅದೇ ವೇಗದಲ್ಲಿ ಜರುಗುವುದು. ಸೀಳಿನ ಮುಂದೆ ಬಂದ ಪಟ್ಟಿ ಮಾತ್ರ ಅಚ್ಚಾಗುತ್ತಾ ಹೋಗಿ, ಕೊನೆಗೆ ಸುತ್ತಿದ ಚಾಪೆ ಬಿಚ್ಚಿ ಹಾಸಿದ ಹಾಗೆ ಇಡೀ ಚಿತ್ರ. ಆ ಸಾಲಿನ ಹೂಜಿಗಳಿಗೆ ಈಗಲೂ ಕೆ ನಂಬರ್ ಅಂತಲೇ ಹೆಸರು. ಕೆ 511 ಪ್ರಿನ್ಸ್‌ಟನ್ನಿನದು, ಅದರಲ್ಲಿ ಒಂದು ಮೊಲ ಕೂತು ಪುಸ್ತಕ ಬರೆಯುತ್ತಿದೆ. ನನ್ನ ಫೋನಿನ ವಾಲ್‌ಪೇಪರ್ ಅದೇ.

ನಮಗೆ ಆ ಭಾಗ್ಯ ಇಲ್ಲ. ಗಾಜಿನ ಪೆಟ್ಟಿಗೆಯ ಸುತ್ತ ನಡೆಯಿರಿ. ಒಂದೇ ಎತ್ತರ, ಒಂದೇ ದೂರ. ಪ್ರತಿ ಫೋಟೊದಲ್ಲಿ ಹಿಂದಿನದರ ಅರ್ಧಕ್ಕಿಂತ ಜಾಸ್ತಿ ಇರಲಿ. ಪೆಟ್ಟಿಗೆ ಗೋಡೆಗೆ ಒರಗಿದ್ದರೆ ಹಿಂಭಾಗ ಮರೆತುಬಿಡಿ.

ಊರೂರು ಅಲೆಮಾರಿ
ಟ್ರೈಪಾಡ್ ಬಗ್ಗೆ ಯಾರೂ ಹೇಳಲಿಲ್ಲ. ಮೆಕ್ಸಿಕೊದಲ್ಲಿ ಅನುಮತಿ ಇಲ್ಲದೆ ಬೇಡ, ಬ್ರಿಟಿಷ್ ಮ್ಯೂಸಿಯಂನಲ್ಲೂ ಬೇಡ. ನಾನೊಂದು ಕಡೆ, ಊರಿನ ಹೆಸರು ಬೇಡ, ಅಂಗೈ ಉದ್ದದ ಪುಟಾಣಿ ಟ್ರೈಪಾಡ್ ಒಯ್ದಿದ್ದೆ. ಬ್ಯಾಗಿನಿಂದ ಹೊರಗೂ ತೆಗೆದಿರಲಿಲ್ಲ. ಬಾಗಿಲಲ್ಲೇ ಇಸ್ಕೊಂಡರು. ಚೀಟಿ ಕೊಟ್ಟರು. ಸಂಜೆ ಚೀಟಿ ಕೊಟ್ಟರೆ ಇನ್ಯಾರದೋ ಛತ್ರಿ ಬಂತು. ಅರ್ಧ ಗಂಟೆ ಹರಕು ಸ್ಪ್ಯಾನಿಶ್‌ನಲ್ಲಿ ಜಗಳ ಆಡಿದೆ. ಕೊನೆಗೂ ಛತ್ರಿಯೇ ಗತಿ. ಮಳೆಗಾಲ ಇತ್ತು, ಹೋಗಲಿ ಬಿಡಿ.

ಕೈಯಲ್ಲೇ ಹಿಡಿದು ತೆಗೆಯಲು: ಮೊಣಕೈ ಪಕ್ಕೆಗೆ ಒತ್ತಿ, ಕಂಬ ಇದ್ದರೆ ಒರಗಿ, ಉಸಿರು ಬಿಡುತ್ತಾ ಒಟ್ಟಿಗೆ ಮೂರು ನಾಲ್ಕು ಒತ್ತಿ. ಒಂದಾದರೂ ಚೂಪಾಗಿ ಬರುತ್ತದೆ. ಕತ್ತಲಿಗೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, 3200 ಆದರೂ ಹೆದರಬೇಡಿ. ಕಲ್ಲಿಗೆ ಮೊದಲೇ ಕಾಳು ಕಾಳು ಮೈ, ಸ್ವಲ್ಪ ಕಾಳು ಹೆಚ್ಚಾದರೆ ಯಾರಿಗೂ ಗೊತ್ತಾಗಲ್ಲ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ, ಒಂದೊಂದು ದೀಪಕ್ಕೂ ಒಂದೊಂದು ಬಣ್ಣ ಇರುತ್ತದೆ, ಮನೆಗೆ ಬಂದು ಸರಿ ಮಾಡಬಹುದು.

ಸೋಮವಾರ ಮೆಕ್ಸಿಕೊ ಸಿಟಿಯ ಮ್ಯೂಸಿಯಂಗೆ ರಜಾ. ಭಾನುವಾರ ಅಲ್ಲಿಯ ಜನಕ್ಕೆ ಉಚಿತ, ಜಾತ್ರೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ಫೋಟೊ ಮಾರುವ ಯೋಚನೆ ಇದ್ದರೆ ಅಲ್ಲಿಯ ಪುರಾತತ್ವ ಸಂಸ್ಥೆಯ ಅನುಮತಿ ಬೇಕು. ಮನೆಗೆ ಮಾತ್ರ ಆದರೆ ಚಿಂತೆ ಇಲ್ಲ.

ಅರಸೀಕೆರೆ ಅನು
ಎಲ್ಲರೂ ಇದ್ದೀರಾ? ಹೋಗಿ ಬಂದೆವು!

ಮಂಗಳವಾರವೇ ಹೋದೆ. ಕಪ್ಪು ಕುರ್ತಾ ಹಾಕಿದ್ದೆ. ಅಂಗಳದಲ್ಲಿ ಒಂದೇ ಕಂಬದ ಮೇಲೆ ನಿಂತ ದೊಡ್ಡ ಛತ್ರಿಯಂಥ ಮಾಡು, ಸುತ್ತ ನೀರು ಸುರಿಯುತ್ತದೆ. ಯಜಮಾನರು ಮತ್ತು ಮಗಳು ಅಲ್ಲೇ ಅರ್ಧ ಗಂಟೆ. ನಾನು ನೇರ ಮಾಯಾ ವಿಭಾಗಕ್ಕೆ.

26ರ ಮುಂದೆ ಶಂಕ್ರಣ್ಣ ಹೇಳಿದ ಹಾಗೆ ಐದು ನಿಮಿಷ ಕೈ ಚಾಚಿಕೊಂಡು ಓಡಾಡಿದೆ. ಕಾವಲಿನ ಅಮ್ಮ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಇವಳು ಕಲ್ಲಿಗೆ ಆರತಿ ಎತ್ತುತ್ತಿದ್ದಾಳೆ ಅಂದುಕೊಂಡಿರಬೇಕು. ಬೆಳಕು ಮೇಲಿನಿಂದ, ಸ್ವಲ್ಪ ಎಡಕ್ಕೆ. ಬಲಕ್ಕೆ ಎರಡು ಹೆಜ್ಜೆ ಹೋಗಿ ಬಗ್ಗಿದೆ. ಅಷ್ಟೆ! ರಾಣಿ ಕೈಯಲ್ಲಿ ರಾಜನಿಗೆ ಕೊಡಲು ಜಾಗ್ವಾರ್ ತಲೆಯ ಶಿರಸ್ತ್ರಾಣ ಇದೆಯಲ್ಲ, ಅದರ ಮೂತಿ ಎದ್ದು ಬಂತು. ಲಂಡನ್ನಿನಲ್ಲಿ ನಾಲಿಗೆಗೆ ಹಗ್ಗ ಎಳೆದುಕೊಂಡ ಅದೇ ಹೆಂಗಸು ಇಲ್ಲಿ ಗಂಡನನ್ನು ಯುದ್ಧಕ್ಕೆ ಸಜ್ಜು ಮಾಡುತ್ತಿದ್ದಾಳೆ. ಮೈ ಜುಂ ಅಂತು.

ಪಕಾಲ್ ಮುಖವಾಡ ತಿಮ್ಮ ಅವರ ಸೂತ್ರದ ಹಾಗೆ ತೆಗೆದೆ. ಜೇಡ್ ತುಂಡುಗಳ ನಡುವಿನ ಗೆರೆ ಕೂಡ ಬಂದಿದೆ. ಕಣ್ಣು ಚಿಪ್ಪಿನದು, ಗುಡ್ಡೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಕಪ್ಪು ಗಾಜಿನದು. ಆ ಗುಡ್ಡೆಯೊಳಗೆ ಮಾತ್ರ ಒಂದು ಸಣ್ಣ ಹಳದಿ ಚುಕ್ಕೆ ಹೋಗಲಿಲ್ಲ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ನನ್ನ ಮೂಗುತಿ! 1985ರ ಕ್ರಿಸ್‌ಮಸ್ ರಾತ್ರಿ ಇದೇ ಮ್ಯೂಸಿಯಂನಿಂದ ನೂರಕ್ಕೂ ಹೆಚ್ಚು ವಸ್ತುಗಳ ಜೊತೆ ಈ ಮುಖವಾಡವೂ ಕಳುವಾಗಿತ್ತಂತೆ, 1989ರಲ್ಲಿ ಸಿಕ್ಕಿತಂತೆ. ಆ ನಾಲ್ಕು ವರ್ಷ ಜನಕ್ಕೆ ಉಳಿದದ್ದು ಫೋಟೊ ಮಾತ್ರ.

ವಾಪಸ್ ಬಂದ ಮೇಲೆ ಮತ್ತೆ 27ನೇ ಕೋಣೆಗೆ ಹೋದೆ, ಆರನೇ ಸಲ. ಈ ಸಲ 24ರಲ್ಲಿ ಹಗ್ಗದ ಮುಳ್ಳು ಒಂದೊಂದೂ ಬಂದಿದೆ. ರಾಣಿಯ ಬಾಯಿ ಪಕ್ಕ ಸಣ್ಣ ಚುಕ್ಕೆಗಳ ಸುರುಳಿ ಇದೆ, ರಕ್ತ ಅದು. ಐದು ಸಲವೂ ನಾನು ಅದನ್ನು ನೋಡಿಯೇ ಇರಲಿಲ್ಲ. ಮೂರೂ ಲಿಂಟಲ್ ಪಕ್ಕಪಕ್ಕ ಜೋಡಿಸಿ ಹಾಕಿದ್ದೇನೆ, ನೋಡಿ.

ಸ್ಟುಡಿಯೊ ಶಂಕ್ರಣ್ಣ
ನೋಡಿದೆ ಕಣಮ್ಮ. ಮೂರು ಸಲ ನೋಡಿದೆ. 24 ಬಹಳ ಚೆನ್ನಾಗಿದೆ. ಆದರೆ 25ರಲ್ಲಿ ಬೆಳಕು ಬಲದಿಂದ, 26ರಲ್ಲಿ ಎಡದಿಂದ. ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಇರುಸುಮುರುಸು. 25ನ್ನು ಇನ್ನೊಮ್ಮೆ ತೆಗೆಯಿರಿ. ನಿಮಗೆ ಲಂಡನ್ ದೂರ ಏನಲ್ಲವಲ್ಲ.

ಅರಸೀಕೆರೆ ಅನು
ಏಳನೇ ಸಲ! ಬರುವ ತಿಂಗಳು ಅತ್ತೆ ಬರುತ್ತಿದ್ದಾರೆ, ಅವರನ್ನು ಮಮ್ಮಿ ನೋಡಲು ಕಳಿಸಿ ಹೋಗುತ್ತೇನೆ.

ಪಡಿಯಚ್ಚು
ಅನು, ಸಾಲಿನ ಕೊನೆಯಲ್ಲಿ ಒಂದು ಮಣ್ಣಿನ ಗೊಂಬೆ ಇದೆ. ಗೇಣುದ್ದ ಇರಬೇಕು, ಕುಳಿತ ಹೆಂಗಸು, ತೋಳಿನ ಮೇಲೆ ನೀಲಿ ಉಳಿದಿದೆ. ಮೆಕ್ಸಿಕೊದ ಹೈನಾ ದ್ವೀಪದ್ದು ಅನಿಸುತ್ತಿದೆ. ಫಲಕದಲ್ಲಿ ಏನಿತ್ತು?

ಅರಸೀಕೆರೆ ಅನು
ಅಯ್ಯೋ ಮೇಡಂ. ಅದೊಂದರ ಫಲಕ ತೆಗೆದಿಲ್ಲ. ಅಷ್ಟು ಹೊತ್ತಿಗೆ ಮಗಳಿಗೆ ಹಸಿವಾಗಿತ್ತು.

ಊರೂರು ಅಲೆಮಾರಿ
ಹಿಂದಿನ ಗೋಡೆಯ ಬಣ್ಣ, ಪೆಟ್ಟಿಗೆಯ ಮೂಲೆ ಕಾಣುವ ಫೋಟೊ ಇದ್ದರೆ ಹಾಕಿ. ನನ್ನ ಹಳೆ ಹಾರ್ಡ್ ಡಿಸ್ಕಿನಲ್ಲಿ ಆ ಸಾಲು ಇದ್ದ ನೆನಪು. ಭಾನುವಾರ ಹುಡುಕುತ್ತೇನೆ.